20 ನಿಮಿಷ ಹಾಡಿ ಆಫ್ ಆಗುವ ಆಂಪ್: ಓಮ್ ಲೆಕ್ಕ ಎಲ್ಲಿ ತಪ್ಪಿದೆ?

ಪ್ರಶ್ನೆ: ನಾನು ಸಿಂಧನೂರಿನವನು. ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ಕಾರು ತಗೊಂಡು ಸೌಂಡ್ ಸಿಸ್ಟಮ್ ಹಾಕಿಸಿದೆ. ಆಂಡ್ರಾಯ್ಡ್ ಸ್ಟೀರಿಯೊ, ನಾಲ್ಕು ಬಾಗಿಲಿಗೆ 4 ಓಮ್ ಸ್ಪೀಕರ್, ಡಿಕ್ಕಿಯಲ್ಲಿ 12 ಇಂಚಿನ ಡ್ಯುಯಲ್ 4 ಓಮ್ ಸಬ್‌ವೂಫರ್, ಎಲ್ಲಕ್ಕೂ ಸೇರಿ ಒಂದೇ ನಾಲ್ಕು ಚಾನೆಲ್ ಆಂಪ್ (ಆಂಪ್ಲಿಫೈಯರ್). ಆಂಪ್ ಮೇಲೆ 1200 ವ್ಯಾಟ್ ಅಂತ ದೊಡ್ಡದಾಗಿ ಇದೆ. ಅದರ ಪುಸ್ತಕದಲ್ಲಿ ಮಾತ್ರ 4 ಓಮ್‌ಗೆ ಚಾನೆಲ್‌ಗೆ 60 ವ್ಯಾಟ್, 2 ಓಮ್‌ಗೆ 90, ಬ್ರಿಡ್ಜ್ ಮಾಡಿದರೆ 4 ಓಮ್‌ಗೆ 180 ಅಂತ ಬರೆದಿದ್ದಾರೆ. ಮುಂದಿನ ಎರಡು ಚಾನೆಲ್‌ಗೆ ನಾಲ್ಕೂ ಬಾಗಿಲ ಸ್ಪೀಕರ್, ಹಿಂದಿನ ಎರಡನ್ನು ಬ್ರಿಡ್ಜ್ ಮಾಡಿ ಸಬ್ ಕೊಟ್ಟಿದ್ದಾರೆ. ಮೊದಲ 15-20 ನಿಮಿಷ ಬೇಸ್ ಚೆನ್ನಾಗಿ ಹೊಡೆಯುತ್ತದೆ. ಆಮೇಲೆ ಆಂಪ್‌ನಲ್ಲಿ ಕೆಂಪು ಲೈಟ್ ಬಂದು ಎಲ್ಲಾ ಬಂದ್. ಅರ್ಧ ಗಂಟೆ ಬಿಟ್ಟರೆ ಮತ್ತೆ ಹಾಡುತ್ತದೆ. ರಾತ್ರಿ ಬೇಸ್ ಬಿದ್ದಾಗೆಲ್ಲ ಹೆಡ್‌ಲೈಟ್ ಮಂಕಾಗುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಸ್ಪೀಕರ್‌ನಲ್ಲಿ ಕುಂಯ್ ಅನ್ನುವ ಸದ್ದು. ಹಾಕಿದವರು ಕೆಪ್ಯಾಸಿಟರ್ ಹಾಕಿಸಿ ಅಂತಾರೆ. ಗೆಳೆಯ ದೊಡ್ಡ ಬ್ಯಾಟರಿ ಹಾಕು ಅಂತಾನೆ. ಇನ್ನೊಬ್ಬರು ಆಂಪೇ ಡೂಪ್ಲಿಕೇಟ್ ಅಂದರು. ಸಬ್ ಸುಟ್ಟು ಹೋಗುತ್ತಾ ಸರ್? ಇನ್ನೂ ಎಷ್ಟು ದುಡ್ಡು ಹಾಕಲಿ? ಫೋಟೊ ಕಳಿಸಿದ್ದೇನೆ.

ಉತ್ತರ:

ಸದ್ಯಕ್ಕೆ ಕೆಪ್ಯಾಸಿಟರ್‌ಗೂ ಬ್ಯಾಟರಿಗೂ ಒಂದು ರೂಪಾಯಿ ಕೊಡಬೇಡಿ. ಆಂಪ್ ಡೂಪ್ಲಿಕೇಟ್ ಅನ್ನೋದಕ್ಕೂ ನೀವು ಬರೆದಿದ್ದರಲ್ಲಿ ಯಾವ ಗುರುತೂ ಇಲ್ಲ. ಅದು ಆಫ್ ಆಗಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಅಂದರೆ ಅದರ ಪ್ರೊಟೆಕ್ಷನ್ ಸರ್ಕ್ಯೂಟ್ ಸರಿಯಾಗಿಯೇ ಇದೆ.

ಆದರೆ ನಿಮ್ಮ ಫೋಟೊ ನೋಡಿ ನನಗೆ ಭಯ ಆಗಿದ್ದು ಬೇರೆ ವಿಷಯಕ್ಕೆ. ನೀವು ಅದನ್ನು ಕೇಳಿಯೇ ಇಲ್ಲ. ಬ್ಯಾಟರಿ ಪ್ಲಸ್‌ನಿಂದ ಹೊರಟ ಕೆಂಪು ವೈರಿಗೆ ಬಾನೆಟ್ ಒಳಗೆ ಎಲ್ಲೂ ಫ್ಯೂಸ್ ಇಲ್ಲ. ಉಳಿದದ್ದೆಲ್ಲ ಆಮೇಲೆ. ಇದನ್ನು ಓದಿದ ಕೂಡಲೇ ಹೋಗಿ ಆ ವೈರನ್ನು ಬ್ಯಾಟರಿಯಿಂದ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಇಡಿ. ಎರಡು ದಿನ ಹಾಡಿಲ್ಲದೆ ಓಡಿಸಿ, ಪರವಾಗಿಲ್ಲ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದರೆ, ಕೆಲವು ವರ್ಷದ ಹಿಂದೆ ಕಾರಟಗಿ ಕಡೆಯಿಂದ ಬಳ್ಳಾರಿಗೆ ನನ್ನ ಹತ್ತಿರ ಒಂದು ಕಾರು ಬಂತು. "ಸುಟ್ಟ ವಾಸನೆ ಬರ್ತದೆ, ಎಲ್ಲಿಂದ ಅಂತ ಗೊತ್ತಾಗ್ತಿಲ್ಲ" ಅಂದರು. ಡ್ರೈವರ್ ಕಾಲ ಹತ್ತಿರದ ಮ್ಯಾಟ್ ಎತ್ತಿದೆ. ಕೆಳಗಿನ ಕಾರ್ಪೆಟ್‌ನಲ್ಲಿ ಅಂಗೈ ಅಗಲದ ತೂತು, ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಎಂಜಿನ್ ಕಡೆಯಿಂದ ಒಳಗೆ ಬರುವ ತಗಡಿನ ತೂತಿಗೆ ರಬ್ಬರ್ ಬುಷ್ ಹಾಕಿರಲಿಲ್ಲ. ತಗಡಿನ ಅಂಚು ವೈರಿನ ಮೇಲಿನ ಪ್ಲಾಸ್ಟಿಕ್ ಅನ್ನು ದಿನಾ ಸ್ವಲ್ಪ ಸ್ವಲ್ಪ ಕೊಯ್ದು, ಒಳಗಿನ ತಾಮ್ರ ಹೊಸದರ ಹಾಗೆ ಮಿನುಗುತ್ತಿತ್ತು. ತಗಡಿಗೆ ತಾಗಿದಾಗ ಬ್ಯಾಟರಿಯ ಕರೆಂಟೆಲ್ಲ ಆ ವೈರಿನಲ್ಲೇ ಹರಿದಿದೆ. ಸ್ಟಾರ್ಟರ್ ಮೋಟಾರನ್ನೇ ತಿರುಗಿಸುವ ಬ್ಯಾಟರಿ ಅದು, ನೂರಾರು ಆಂಪಿಯರ್ ಕೊಡುತ್ತದೆ. ವೈರ್ ಕಾದು ಕೆಂಪಾಗುತ್ತದೆ. ಅವರು ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬಂದಿದ್ದರು.

ಆಂಪ್ ಮೇಲೆ ಎರಡು ಫ್ಯೂಸ್ ಇದೆಯಲ್ಲ ಅಂತ ನೀವು ಕೇಳಬಹುದು. ಅವು ಆಂಪನ್ನು ಕಾಯುತ್ತವೆ. ಬ್ಯಾಟರಿಯಿಂದ ಡಿಕ್ಕಿವರೆಗಿನ 5 ಮೀಟರ್ ವೈರನ್ನು ಕಾಯೋದಕ್ಕೆ ಬೇರೆ ಫ್ಯೂಸ್ ಬೇಕು. ಅದು ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರಬೇಕು. ಫ್ಯೂಸ್ ಮತ್ತು ಬ್ಯಾಟರಿ ನಡುವಿನ ಆ ತುಂಡಿಗೆ ಯಾವ ಕಾವಲೂ ಇರೋದಿಲ್ಲ, ಅದಕ್ಕೇ ಅದು ಚಿಕ್ಕದಾಗಿರಬೇಕು.

ಈಗ ಕೆಂಪು ಲೈಟ್ ವಿಷಯಕ್ಕೆ ಬರೋಣ.

ಓಮ್ ಅಂದರೆ ಕರೆಂಟಿಗೆ ಸಿಗುವ ತಡೆಯ ಅಳತೆ. ಸಬ್‌ನಲ್ಲಿ ಎರಡು ಕಾಯಿಲ್ ಇವೆ, ಒಂದೊಂದೂ 4 ಓಮ್. ನಿಮ್ಮ ಫೋಟೊದಲ್ಲಿ ಎರಡೂ ಪ್ಲಸ್ ಒಟ್ಟಿಗೆ, ಎರಡೂ ಮೈನಸ್ ಒಟ್ಟಿಗೆ ಸೇರಿಸಿದ್ದಾರೆ. ಇದು ಪ್ಯಾರಲಲ್. 4 ಮತ್ತು 4 ಪ್ಯಾರಲಲ್ ಆದರೆ 2 ಓಮ್. ನಿಮ್ಮ ಊರಿನ ಲೆಕ್ಕದಲ್ಲೇ ಹೇಳಬೇಕು ಅಂದರೆ, ಕಾಲುವೆಯಲ್ಲಿ ಒಂದು ತೂಬಿನ ಬದಲು ಎರಡು ತೂಬು ತೆರೆದ ಹಾಗೆ. ತಡೆ ಅರ್ಧ ಆಯಿತು, ಹರಿವು ಎರಡು ಪಟ್ಟಾಯಿತು.

"2 ಓಮ್ ನಡೆಯುತ್ತೆ ಅಂತ ಪುಸ್ತಕದಲ್ಲೇ ಇದೆಯಲ್ಲ" ಅನ್ನಬಹುದು. ಬಹಳ ಜನ ಎಡವೋದು ಇಲ್ಲೇ. ಆ 2 ಓಮ್ ಒಂದೊಂದು ಚಾನೆಲ್ ಬೇರೆ ಬೇರೆ ನಡೆಸುವಾಗಿನ ಲೆಕ್ಕ. ಬ್ರಿಡ್ಜ್ ಮಾಡಿದಾಗ ಎರಡು ಚಾನೆಲ್ ಒಂದೇ ಸ್ಪೀಕರನ್ನು ಎರಡು ಕಡೆಯಿಂದ ಹಿಡಿಯುತ್ತವೆ, ಒಂದು ತಳ್ಳಿದರೆ ಇನ್ನೊಂದು ಎಳೆಯುತ್ತದೆ. ಹಾಗಾಗಿ ಒಂದೊಂದು ಚಾನೆಲ್‌ಗೂ ಸ್ಪೀಕರಿನ ಅರ್ಧ ಓಮ್ ಮಾತ್ರ ಕಾಣುತ್ತದೆ. 4 ಓಮ್ ಸಬ್ ಬ್ರಿಡ್ಜ್ ಮಾಡಿದರೆ ಚಾನೆಲ್‌ಗೆ 2 ಓಮ್. ಪುಸ್ತಕದಲ್ಲಿ ಬ್ರಿಡ್ಜ್ ಎದುರಿಗೆ 4 ಓಮ್ ಅಂತ ಮಾತ್ರ ಬರೆದು ಬಿಟ್ಟಿರೋದು ಅದಕ್ಕೇ, ಅದರ ಕೆಳಗೆ ಹೋಗಬಾರದು. ನಿಮ್ಮ 2 ಓಮ್ ಸಬ್ ಬ್ರಿಡ್ಜ್ ಆದಾಗ ಚಾನೆಲ್‌ಗೆ ಸಿಗೋದು 1 ಓಮ್. ಅದು ತಡೆದುಕೊಳ್ಳುವ ಮಿತಿಯ ಅರ್ಧ.

ಮುಂದಿನ ಎರಡು ಚಾನೆಲ್‌ಗೂ ಬಿಡುವಿಲ್ಲ. ಒಂದೊಂದಕ್ಕೆ ಎರಡೆರಡು ಬಾಗಿಲ ಸ್ಪೀಕರ್ ಪ್ಯಾರಲಲ್ ಆಗಿ 2 ಓಮ್ ಇದೆ. ಇದು ಮಿತಿಯೊಳಗೇ ಇದೆ, ಆದರೂ ಅಲ್ಲಿಂದಲೂ ಬಿಸಿ ಏರುತ್ತದೆ. ಜೊತೆಗೆ ಆಂಪನ್ನು ಸಬ್ ಬಾಕ್ಸಿನ ಬೆನ್ನಿಗೇ ಸ್ಕ್ರೂ ಹೊಡೆದಿದ್ದಾರೆ, ಮೇಲೆ ಟ್ರೇ ಮುಚ್ಚಿದೆ. ರಾಯಚೂರು ಜಿಲ್ಲೆಯ ಬೇಸಿಗೆ 42 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಆಂಪ್ ಶುರು ಆಗುವಾಗಲೇ ಅರ್ಧ ಕಾದಿರುತ್ತದೆ, ಉಳಿದರ್ಧ ಕಾಯೋದಕ್ಕೆ 20 ನಿಮಿಷ ಸಾಕು. ಅರ್ಧ ಗಂಟೆ ಬಿಟ್ಟರೆ ಮತ್ತೆ ಹಾಡುತ್ತೆ ಅಂದಿರಲ್ಲ, ಅದೇ ಇದು ಬಿಸಿಯ ಕಾಟ ಅನ್ನೋದಕ್ಕೆ ಸಾಕ್ಷಿ. ವೈರ್ ಶಾರ್ಟ್ ಆಗಿದ್ದರೆ ಆನ್ ಮಾಡಿದ ಕ್ಷಣವೇ ಕೆಂಪು ಲೈಟ್ ಬರುತ್ತಿತ್ತು.

1200 ವ್ಯಾಟ್ ಬಗ್ಗೆ ಒಂದು ಮಾತು. ಆಂಪ್ ಮೇಲಿನ ಅಂಕಿ ನೋಡಬೇಡಿ, ಅದರ ಫ್ಯೂಸ್ ನೋಡಿ. ನಿಮ್ಮದರಲ್ಲಿ 25 ಆಂಪಿಯರ್‌ದು ಎರಡಿವೆ, ಒಟ್ಟು 50. ಎಂಜಿನ್ ಓಡುವಾಗ ಸುಮಾರು 13.8 ವೋಲ್ಟ್ ಇರುತ್ತದೆ. ಗುಣಿಸಿದರೆ 690 ವ್ಯಾಟ್. ಒಳಗೆ ಹೋಗೋದೇ ಅಷ್ಟು. ಈ ಜಾತಿಯ ಕ್ಲಾಸ್ ಎಬಿ ಆಂಪ್ ಅದರಲ್ಲಿ ಸುಮಾರು 60 ಪರ್ಸೆಂಟ್ ಸೌಂಡಿಗೆ ಕೊಡುತ್ತದೆ, ಉಳಿದದ್ದು ಬಿಸಿ. ಅಂದರೆ 400 ವ್ಯಾಟ್ ಆಸುಪಾಸು. ಪುಸ್ತಕದ 90 ವ್ಯಾಟನ್ನು ನಾಲ್ಕು ಚಾನೆಲ್‌ಗೆ ಕೂಡಿಸಿದರೆ 360. ಎರಡೂ ಹೊಂದುತ್ತವೆ ನೋಡಿ. ಪುಸ್ತಕ ನಿಜ ಹೇಳುತ್ತಿದೆ. ಅಂಗಡಿಯಲ್ಲಿ ಯಾವ ಆಂಪ್ ತಗೊಳ್ಳುವಾಗಲೂ ಈ ಗುಣಾಕಾರ ಮಾಡಿ, ಆರ್‌ಎಂಎಸ್ ವ್ಯಾಟ್, ಅಂದರೆ ಬಿಡದೆ ಕೊಡಬಲ್ಲ ಪವರ್, ಎಷ್ಟು ಅಂತ ಕೇಳಿ.

ಕೆಪ್ಯಾಸಿಟರ್ ಯಾಕೆ ಬೇಡ? ಮಾರುಕಟ್ಟೆಯಲ್ಲಿ ಸಿಗುವ 1 ಫ್ಯಾರಡ್ ಕೆಪ್ಯಾಸಿಟರ್ 14 ವೋಲ್ಟ್‌ನಿಂದ 12 ವೋಲ್ಟ್‌ಗೆ ಇಳಿಯುವಷ್ಟರಲ್ಲಿ ಕೊಡೋದು 26 ಜೌಲ್. ನಿಮ್ಮ ಆಂಪ್ 500 ವ್ಯಾಟ್ ಎಳೆಯುತ್ತಿದ್ದರೆ ಅದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಸಾಲುತ್ತದೆ. ಒಂದು ಬೇಸ್ ಏಟಿಗೂ ಪೂರಾ ಬರೋದಿಲ್ಲ. ಖಾಲಿಯಾದದ್ದನ್ನು ಮತ್ತೆ ತುಂಬಬೇಕಾದ್ದೂ ಅದೇ ಆಲ್ಟರ್ನೇಟರ್. ದೊಡ್ಡ ಬ್ಯಾಟರಿಯೂ ಅಷ್ಟೇ. ಎಂಜಿನ್ ಬಂದ್ ಮಾಡಿ ತೋಟದಲ್ಲಿ ಕೂತು ಹಾಡು ಕೇಳೋದಕ್ಕೆ ಉಪಯೋಗ ಆಗುತ್ತದೆ. ಕಾರು ಓಡುವಾಗ ಕರೆಂಟ್ ಕೊಡೋದು ಆಲ್ಟರ್ನೇಟರ್, ಬ್ಯಾಟರಿ ಅಲ್ಲ. ಹೆಡ್‌ಲೈಟ್ ಮಂಕಾಗುತ್ತಿರೋದು 1 ಓಮ್‌ಗೆ ಸಿಕ್ಕ ಚಾನೆಲ್‌ಗಳು ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯೋದರಿಂದ. ಆ ಲೋಡ್ ಇಳಿಸಿದರೆ ಬಹುಪಾಲು ಹೋಗುತ್ತದೆ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿದ್ದರೆ ಬಿಸಿನೀರು ಹಾಕಿ ತೊಳೆದು ಬಿಗಿ ಮಾಡಿ. ಹಳೆ ಕಾರಲ್ಲಿ ಅದೂ ಒಂದು ಕಾರಣ.

ಹಾಗಾದರೆ ಏನು ಮಾಡಬೇಕು? ನಾನಾದರೆ ಮೊದಲು ಖರ್ಚಿಲ್ಲದ ದಾರಿ ಹಿಡಿಯುತ್ತೇನೆ. ಸಬ್‌ನ ಎರಡು ಕಾಯಿಲ್‌ಗಳನ್ನು ಸೀರೀಸ್ ಮಾಡಿ. ಆಂಪಿನ ಬ್ರಿಡ್ಜ್ ಪ್ಲಸ್‌ನಿಂದ ಮೊದಲ ಕಾಯಿಲ್‌ನ ಪ್ಲಸ್‌ಗೆ. ಮೊದಲ ಕಾಯಿಲ್‌ನ ಮೈನಸ್‌ನಿಂದ ಒಂದು ತುಂಡು ವೈರ್ ಎರಡನೇ ಕಾಯಿಲ್‌ನ ಪ್ಲಸ್‌ಗೆ. ಎರಡನೇ ಕಾಯಿಲ್‌ನ ಮೈನಸ್ ವಾಪಸ್ ಆಂಪಿನ ಬ್ರಿಡ್ಜ್ ಮೈನಸ್‌ಗೆ. ಬ್ರಿಡ್ಜ್‌ಗೆ ಯಾವ ಎರಡು ಸ್ಕ್ರೂ ಅಂತ ಆಂಪ್ ಮೇಲೇ ಗೆರೆ ಎಳೆದಿರುತ್ತಾರೆ. ಈಗ ಒಟ್ಟು 8 ಓಮ್, ಚಾನೆಲ್‌ಗೆ 4. ಆಂಪ್ ಆರಾಮಾಗಿ 120 ವ್ಯಾಟ್ ಕೊಡುತ್ತದೆ.

ಆಂಪಿಗೆ ತಗುಲಿಸುವ ಮುಂಚೆ ಆ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದು ಓಮ್ ನೋಡಿ. ಮೀಟರ್ ತೋರಿಸೋದು ಬರೆದ ಅಂಕಿಗಿಂತ ಸ್ವಲ್ಪ ಕಡಿಮೆ ಇರುತ್ತದೆ, ಗಾಬರಿ ಬೇಡ. 6.5 ರಿಂದ 7.5 ಬಂದರೆ ಸೀರೀಸ್ ಸರಿಯಾಗಿದೆ. 1.6 ರಿಂದ 1.9 ಬಂದರೆ ಇನ್ನೂ ಪ್ಯಾರಲಲ್‌ನಲ್ಲೇ ಇದೆ. ಎರಡನೇ ಕಾಯಿಲ್ ಉಲ್ಟಾ ಸೇರಿಸಿದ್ದರೆ ಮೀಟರ್‌ಗೆ ಗೊತ್ತಾಗೋದಿಲ್ಲ, ಆದರೆ ಒಂದು ಕಾಯಿಲ್ ಮುಂದಕ್ಕೆ ತಳ್ಳಿದರೆ ಇನ್ನೊಂದು ಹಿಂದಕ್ಕೆ ಎಳೆದು ಬೇಸೇ ಬರೋದಿಲ್ಲ. ಅದಕ್ಕೆ ಒಂದು ಟಾರ್ಚ್ ಸೆಲ್ ತಗೊಂಡು ಆ ತುದಿಗಳಿಗೆ ಅರೆಗಳಿಗೆ ತಾಗಿಸಿ. ಸೆಲ್‌ನ ಪ್ಲಸ್ ಪ್ಲಸ್‌ಗೆ ತಾಗಿದಾಗ ಕೋನ್ ಹೊರಗೆ ಬರಬೇಕು. ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಬೆರಳಿನ ತುದಿ ಹಗುರವಾಗಿ ಇಟ್ಟು ನೋಡಿ, ಗೊತ್ತಾಗುತ್ತದೆ.

ಬೇಸ್ ಕಡಿಮೆ ಆಗುತ್ತಲ್ಲ ಅನ್ನೋ ಚಿಂತೆ ನಿಮಗಿರುತ್ತದೆ. ಸ್ವಲ್ಪ ಆಗುತ್ತದೆ, ಸುಳ್ಳು ಹೇಳೋದಿಲ್ಲ. ಆದರೆ ಪವರ್ ಎರಡು ಪಟ್ಟು ಮಾಡಿದರೂ ಸೌಂಡ್ ಏರೋದು 3 ಡೆಸಿಬೆಲ್ ಅಷ್ಟೇ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಪವರ್ ಬೇಕು. ಹ್ಯಾಚ್‌ಬ್ಯಾಕ್ ಚಿಕ್ಕ ಡಬ್ಬಿ ಇದ್ದ ಹಾಗೆ, ಬೇಸನ್ನು ಅದೇ ಹೆಚ್ಚಿಸಿ ಕೊಡುತ್ತದೆ. 12 ಇಂಚಿನ ಸಬ್‌ಗೆ ನಿಜವಾದ 120 ವ್ಯಾಟ್ ಕೊಟ್ಟರೆ ನಂಬರ್ ಪ್ಲೇಟ್ ನಡುಗುತ್ತದೆ.

ಹಿಂದಿನ ಬಾಗಿಲ ಸ್ಪೀಕರುಗಳನ್ನು ಆಂಪಿಂದ ತೆಗೆದು ನೇರ ಸ್ಟೀರಿಯೊಗೆ ಕೊಡಿ. ಸ್ಟೀರಿಯೊ ಒಳಗಿನ ಆಂಪ್ 15-20 ವ್ಯಾಟ್ ಕೊಡುತ್ತದೆ, ಹಿಂದೆ ಕೂತವರಿಗೆ ಅದು ಸಾಕು. ಆದರೆ ಎಚ್ಚರ. ಸ್ಟೀರಿಯೊದ ಸ್ಪೀಕರ್ ಮೈನಸ್ ವೈರನ್ನು ಬಾಡಿ ಅರ್ತ್‌ಗೆ ಸೇರಿಸಬೇಡಿ. ಈಗಿನ ಸ್ಟೀರಿಯೊಗಳಲ್ಲಿ ಮೈನಸ್ ಅಂದರೆ ಅರ್ತ್ ಅಲ್ಲ, ಎರಡೂ ವೈರಿನಲ್ಲಿ ವೋಲ್ಟೇಜ್ ಇರುತ್ತದೆ. ಅರ್ತ್‌ಗೆ ತಾಗಿದರೆ ಸ್ಟೀರಿಯೊದ ಐಸಿ ಹೋಗುತ್ತದೆ.

ಎರಡನೇ ದಾರಿ, ಈ ಸಬ್ ಕೊಟ್ಟು ಡ್ಯುಯಲ್ 2 ಓಮ್‌ದು ತರೋದು. ಸೀರೀಸ್ ಮಾಡಿದರೆ 4 ಓಮ್ ಆಗಿ ಪುಸ್ತಕದ ಪೂರಾ 180 ವ್ಯಾಟ್ ಸಿಗುತ್ತದೆ. 120ಕ್ಕೂ 180ಕ್ಕೂ ಕಿವಿಗೆ ಗೊತ್ತಾಗುವ ವ್ಯತ್ಯಾಸ 2 ಡೆಸಿಬೆಲ್‌ಗಿಂತ ಕಡಿಮೆ, ಮತ್ತೆ ಆಂಪ್ ಮಿತಿಯ ಅಂಚಿಗೇ ಹೋಗಿ ಕೂರುತ್ತದೆ. ನಮ್ಮ ಕಡೆಯ ಬಿಸಿಲಿಗೆ ನಾನು ಬೇಡ ಅಂತಲೇ ಹೇಳ್ತೀನಿ.

ಮೂರನೆಯದು, ಸಬ್‌ಗೆ ಬೇರೆ ಕ್ಲಾಸ್ ಡಿ ಮೋನೊಬ್ಲಾಕ್ ಆಂಪ್, ಅಂದರೆ ಒಂದೇ ಚಾನೆಲ್‌ನ, ಕಡಿಮೆ ಬಿಸಿಯಾಗುವ ಜಾತಿಯದು. ಆಗ ಸಬ್ ಈಗಿನ ಹಾಗೇ 2 ಓಮ್ ಇರಬಹುದು, ನಾಲ್ಕು ಬಾಗಿಲಿಗೂ ಒಂದೊಂದು ಚಾನೆಲ್ ಸಿಗುತ್ತದೆ. ದುಡ್ಡಿದ್ದರೆ ಇದೇ ಚೆನ್ನ. 300 ವ್ಯಾಟಿನ ಮೋನೊಬ್ಲಾಕ್ ಪೂರಾ ಹೊಡೆಯುವಾಗ 27 ಆಂಪಿಯರ್, ನಾಲ್ಕು ಚಾನೆಲ್ ಆಂಪ್ 29, ಒಟ್ಟು 56. ಹಾಡು ಯಾವಾಗಲೂ ಪೂರಾ ಹೊಡೆಯೋದಿಲ್ಲ, ಸರಾಸರಿ ಅದರ ಮೂರನೇ ಒಂದಕ್ಕಿಂತ ಕಡಿಮೆ. ಆದರೂ ಚಿಕ್ಕ ಕಾರಿನ ಆಲ್ಟರ್ನೇಟರ್ ಎಸಿ, ಹೆಡ್‌ಲೈಟ್, ಫ್ಯಾನ್ ಎಲ್ಲ ನಡೆಸಬೇಕು. ಮೊದಲ ದಾರಿಯಲ್ಲಿ ಒಂದು ತಿಂಗಳು ಓಡಿಸಿ ನೋಡಿ. ಆಮೇಲೂ ಬೇಸ್ ಸಾಲದು ಅನ್ನಿಸಿದರೆ ಮಾತ್ರ ಇದಕ್ಕೆ ಕೈ ಹಾಕಿ.

ಯಾವ ದಾರಿ ಹಿಡಿದರೂ ವೈರ್ ಬದಲಿಸಲೇಬೇಕು. ನಿಮ್ಮ ವೈರ್ ಮೇಲೆ 8 ಗೇಜ್ ಅಂತ ಇದೆ (ಗೇಜ್ ಅಂಕಿ ಚಿಕ್ಕದಾದಷ್ಟೂ ವೈರ್ ದಪ್ಪ). ಬಿಚ್ಚಿದ ತುದಿಯಲ್ಲಿ ಒಂದೆಳೆ ತಗೊಂಡು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ, ಅದು ತಾಮ್ರದ ಮುಕ್ಕಾಲು ಭಾಗದಷ್ಟೂ ಕರೆಂಟ್ ಒಯ್ಯೋದಿಲ್ಲ. ಶುದ್ಧ ತಾಮ್ರವೇ ಆದರೂ 8 ಗೇಜ್‌ನ 5 ಮೀಟರಿನಲ್ಲಿ 40 ಆಂಪಿಯರ್ ಹರಿದರೆ 0.4 ವೋಲ್ಟ್ ದಾರಿಯಲ್ಲೇ ಸೋರಿ ಹೋಗುತ್ತದೆ. 4 ಗೇಜ್‌ನಲ್ಲಿ 0.16 ಅಷ್ಟೇ. ಕಾಲುವೆಯ ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟದ ಕಷ್ಟ ನಿಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಡಿಕ್ಕಿಯಲ್ಲಿರುವ ಆಂಪೂ ಆ ಕೊನೆ ಭಾಗದ ಹೊಲವೇ. 4 ಗೇಜ್ ಶುದ್ಧ ತಾಮ್ರ, ಬ್ಯಾಟರಿ ಹತ್ತಿರ 60 ಆಂಪಿಯರ್ ಫ್ಯೂಸ್, ತಗಡಿನ ತೂತಿಗೆ ರಬ್ಬರ್ ಬುಷ್. ಖರ್ಚು ಮಾಡೋದಾದರೆ ಇಲ್ಲಿ ಮಾಡಿ.

ಇನ್ನು ಆ ಕುಂಯ್ ಸದ್ದು. ಎಂಜಿನ್ ಜೊತೆಗೆ ಏರಿ ಇಳಿಯುತ್ತದೆ ಅಂದರೆ ಅದು ಆಲ್ಟರ್ನೇಟರ್ ಸದ್ದು. ನಿಮ್ಮ ಕಾರಿನಲ್ಲಿ ಅರ್ತ್ ವೈರನ್ನು ಹಿಂದಿನ ಸೀಟ್ ಬೆಲ್ಟಿನ ಬೋಲ್ಟಿಗೆ ಕಟ್ಟಿದ್ದಾರೆ. ಅದನ್ನು ಇವತ್ತೇ ಬಿಚ್ಚಿಸಿ. ಜೀವ ಉಳಿಸೋ ಬೋಲ್ಟ್ ಅದು, ಅದರ ನಡುವೆ ಲಗ್ (ವೈರ್ ತುದಿಯ ಲೋಹದ ಉಂಗುರ) ತುರುಕಬಾರದು. ಪೇಂಟ್ ಮೇಲೆ ಕೂತಿರೋದರಿಂದ ಅರ್ತ್ ಕೂಡ ಸರಿಯಾಗಿ ಸಿಗೋದಿಲ್ಲ. ಆಂಪ್ ಕೂರುವ ಜಾಗದ (ಅದು ಎಲ್ಲಿ ಅಂತ ಕೆಳಗೆ ಹೇಳ್ತೀನಿ) ಹತ್ತಿರವೇ ದಪ್ಪ ತಗಡಿನಲ್ಲಿ ಒಂದು ಜಾಗ ಹಿಡಿದು, ಕೆಳಗೆ ಪೆಟ್ರೋಲ್ ಟ್ಯಾಂಕಾಗಲಿ ಪೈಪಾಗಲಿ ಇಲ್ಲ ಅಂತ ನೋಡಿಕೊಂಡು, ಐದು ರೂಪಾಯಿ ನಾಣ್ಯದಷ್ಟು ಪೇಂಟನ್ನು ಉಜ್ಜಿ ತೆಗೆಯಿರಿ. ತಗಡು ಬೆಳ್ಳಗೆ ಹೊಳೆಯಬೇಕು. 4 ಗೇಜ್ ವೈರ್, ಕ್ರಿಂಪ್ ಮಾಡಿದ ಲಗ್, ಬೋಲ್ಟ್, ನಟ್. ಅರ್ತ್ ವೈರ್ 45 ಸೆಂಟಿಮೀಟರ್ ಮೀರದಿರಲಿ. ಬಿಗಿ ಮಾಡಿದ ಮೇಲೆ ತುಕ್ಕು ಹಿಡಿಯದ ಹಾಗೆ ಮೇಲಿಂದ ಪೇಂಟ್ ಬಳಿಯಿರಿ. ಸ್ಟೀರಿಯೊದಿಂದ ಆಂಪಿಗೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ ಮತ್ತು ಕೆಂಪು ವೈರ್ ಒಂದೇ ಪಕ್ಕದಲ್ಲಿ ಬಂದಿವೆ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿಸಿ.

ಆಂಪನ್ನು ಸಬ್ ಬಾಕ್ಸಿಂದ ತೆಗೆದು ಮುಂದಿನ ಸೀಟಿನ ಕೆಳಗೆ ಇಡಿ. ಅಲ್ಲಿ ಎಸಿ ಗಾಳಿ ತಾಗುತ್ತದೆ, ಸಬ್‌ನ ನಡುಕದಿಂದ ಒಳಗಿನ ಸೋಲ್ಡರ್ ಬಿಡೋದೂ ತಪ್ಪುತ್ತದೆ. ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ನಿಮ್ಮ ಕಡೆ ರೈಸ್ ಮಿಲ್ ಜಾಸ್ತಿ. ಆ ತೌಡಿನ ಧೂಳು ಆಂಪಿನ ರೆಕ್ಕೆಗಳ ನಡುವೆ ಮೆತ್ತಗೆ ಹಾಸಿಕೊಂಡು ಬಿಸಿ ಹೊರಹೋಗಲು ಬಿಡೋದಿಲ್ಲ. ತಿಂಗಳಿಗೊಮ್ಮೆ ಒಣ ಬ್ರಷ್ ಆಡಿಸಿ.

ಸಬ್ ಸುಟ್ಟು ಹೋಗುತ್ತಾ ಅಂತ ಕೇಳಿದಿರಿ. ಈಗಿನ ಜೋಡಣೆಯಲ್ಲೇ ಜೋರಾಗಿ ಬಾರಿಸುತ್ತಾ ಹೋದರೆ ಸುಡಬಹುದು. ಕಡಿಮೆ ಪವರ್ ಕೊಟ್ಟರೆ ಸ್ಪೀಕರ್ ಸುಡುತ್ತೆ ಅನ್ನೋ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಶುದ್ಧವಾದ ಕಡಿಮೆ ಪವರ್ ಯಾವ ಸ್ಪೀಕರನ್ನೂ ಸುಡೋದಿಲ್ಲ. ಸುಡೋದು ಆಂಪನ್ನು ಅದರ ಕೈಲಾಗದಷ್ಟು ದುಡಿಸಿದಾಗ. ಆಗ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗಿ, ಸರಾಸರಿ ಪವರ್ ಏರಿ ಕಾಯಿಲ್ ಕಾಯುತ್ತದೆ. ಸ್ಟೀರಿಯೊ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ಗೇನ್ ಅನ್ನೋ ತಿರುಪನ್ನು ವಾಲ್ಯೂಮ್ ಅಂದುಕೊಂಡು ಕೊನೆವರೆಗೆ ತಿರುಗಿಸಿದಾಗ ಇದೇ ಆಗೋದು. ನಿಮ್ಮ ಫೋಟೊದಲ್ಲಿ ಅದು ಪೂರಾ ಬಲಕ್ಕಿದೆ.

ಗೇನ್ ಇಡೋದು ಹೀಗೆ. ಸಬ್ ವೈರ್ ಆಂಪಿನಿಂದ ಬಿಚ್ಚಿ. ಬೇಸ್ ಬೂಸ್ಟ್, ಈಕ್ವಲೈಜರ್ ಎಲ್ಲ ಸೊನ್ನೆ. 50 ಹರ್ಟ್ಜ್ ಟೆಸ್ಟ್ ಟೋನ್ ಹಾಕಿ ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಇಡಿ. ಬ್ರಿಡ್ಜ್ ಸ್ಕ್ರೂಗಳಿಗೆ ಮೀಟರನ್ನು ಎಸಿ ವೋಲ್ಟ್‌ನಲ್ಲಿ ಹಿಡಿದು, ಗೇನನ್ನು ಸೊನ್ನೆಯಿಂದ ನಿಧಾನ ಏರಿಸಿ. 120 ವ್ಯಾಟನ್ನು 8 ಓಮ್‌ನಿಂದ ಗುಣಿಸಿದರೆ 960, ಅದರ ವರ್ಗಮೂಲ ಸುಮಾರು 31. ಮೀಟರ್ 31 ವೋಲ್ಟ್ ತೋರಿಸಿದಾಗ ನಿಲ್ಲಿಸಿ, ಆ ತಿರುಪನ್ನು ಮತ್ತೆ ಮುಟ್ಟಬೇಡಿ. ಬಾಗಿಲ ಸ್ಪೀಕರಿಗೆ ಹೈಪಾಸ್ 80 ಹರ್ಟ್ಜ್ (ಅದರ ಮೇಲಿನ ಸದ್ದು ಮಾತ್ರ ಹೋಗುತ್ತದೆ), ಸಬ್‌ಗೆ ಲೋಪಾಸ್ 80 (ಅದರ ಕೆಳಗಿನದು ಮಾತ್ರ). ಬಾಗಿಲ ಸ್ಪೀಕರಿನ ಗೇನನ್ನು ಕಿವಿಯಿಂದಲೇ ಸಬ್‌ಗೆ ಹೊಂದಿಸಿ, ಗಾಯಕರ ದನಿ ಒಡೆಯುವ ಮುಂಚೆ ನಿಲ್ಲಿಸಿ. ಎಲ್ಲ ಮುಗಿದ ಮೇಲೆ ಒಮ್ಮೆ ಸಬ್‌ನ ಪ್ಲಸ್ ಮೈನಸ್ ಅದಲು ಬದಲು ಮಾಡಿ ಕೇಳಿ. ಡ್ರೈವರ್ ಸೀಟಿನಲ್ಲಿ ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಹಾಗೇ ಇಡಿ.

ಇಷ್ಟಾದ ಮೇಲೆ ಮಧ್ಯಾಹ್ನದ ಬಿಸಿಲಲ್ಲೇ ಸಿಂಧನೂರಿಂದ ಮಸ್ಕಿಗೆ ಹೋಗಿ ಬನ್ನಿ, ಹಾಡು ಹಾಕಿಕೊಂಡೇ. ವಾಪಸ್ ಬಂದು ಆಂಪ್ ಮೇಲೆ ಅಂಗೈ ಇಡಿ. ಐದು ಎಣಿಸುವವರೆಗೆ ಕೈ ಇಡೋಕಾದರೆ ಸರಿಯಾಗಿದೆ. ಕುಂಯ್ ಸದ್ದು ಇನ್ನೂ ಇದ್ದರೆ ಸಿಸ್ಟಮ್ ಆಫ್ ಮಾಡಿ ಆಂಪಿನಿಂದ ಆರ್‌ಸಿಎ ಕಿತ್ತು, ಮತ್ತೆ ಆನ್ ಮಾಡಿ ಎಂಜಿನ್ ರೇಸ್ ಮಾಡಿ. ಸದ್ದು ನಿಂತರೆ ತೊಂದರೆ ಮುಂದೆ ಸ್ಟೀರಿಯೊ ಕಡೆ ಇದೆ, ಅದರ ಅರ್ತ್ ವೈರನ್ನೂ ನೇರ ಬಾಡಿಗೆ ಕೊಡಿಸಿ. ನಿಲ್ಲದಿದ್ದರೆ ಆಂಪಿನ ಅರ್ತ್ ಜಾಗವನ್ನು ಮತ್ತೊಮ್ಮೆ ಉಜ್ಜಿಸಿ, ಆ ಫೋಟೊ ಮತ್ತು ಸಬ್‌ನ ಓಮ್ ರೀಡಿಂಗ್ ನನಗೆ ಕಳಿಸಿ.